ಬಳಿಯೋನು ಸಿಗ್ತಾನೆ, ಕೆರೆಯೋನು ಬೇಕು

ಅಪ್ಪ ಸ್ಕ್ರೂಡ್ರೈವರಿನ ಹಿಡಿಯಿಂದ ಟ್ರಕ್ಕಿನ ತಳವನ್ನು ಬಡಿಯುತ್ತಾ ಹೋದರು. ಟಣ್, ಟಣ್, ಟಣ್. ಎಡಗಡೆ ಚಕ್ರದ ಮೇಲಿನ ಉಬ್ಬಿನ ಹತ್ತಿರ ಬಂದಾಗ ಶಬ್ದ ಬದಲಾಯಿತು. ಅಲ್ಲಿ ದಬ್ ಅಂತು. ಸ್ಕ್ರೂಡ್ರೈವರನ್ನು ತಿರುಗಿಸಿ ತುದಿಯಿಂದ ಮೆಲ್ಲಗೆ ಒತ್ತಿದರು. ಹಪ್ಪಳ ಚುಚ್ಚಿದ ಹಾಗೆ ತುದಿ ಆ ಕಡೆ ಹೋಯಿತು.

"ನೋಡು ಮಗ, ನಿನ್ನ ಗಾಡಿ" ಅಂದರು.

ನಾನು ಆ ಗಾಡಿ ತಗೊಂಡು ಆಗಿನ್ನೂ ಐದು ವಾರ ಆಗಿತ್ತು.

ನಾನಿರೋದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹೊರವಲಯದಲ್ಲಿ. ಕಾರುಗಳ ಒಳಗೆ ಓಡುವ ಸಾಫ್ಟ್‌ವೇರ್ ಬರೆಯೋದು ಕೆಲಸ. ಮೂರು ವರ್ಷದ ಹಿಂದೆ ಒಂದು ಹಳೆಯ ಮನೆ ಕೊಂಡೆವು. ಹಳೆಯ ಮನೆ ಅಂದಮೇಲೆ ಗೊತ್ತಲ್ಲ, ಪ್ರತಿ ಶನಿವಾರ ಏನಾದ್ರೂ ಒಂದು ಹೊರೋದು ಇದ್ದೇ ಇರುತ್ತೆ. ತೋಟಕ್ಕೆ ಮಣ್ಣು, ದಾರಿಗೆ ಜಲ್ಲಿ, ಚಳಿಗಾಲಕ್ಕೆ ಸೌದೆ. ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಇಲ್ಲಿನ ಪಂಪ ಕನ್ನಡ ಕೂಟದ ಸ್ಟೇಜ್ ಸಾಮಾನು ಸಾಗಿಸೋಕೆ ಯಾರದಾದ್ರೂ ದೊಡ್ಡ ಗಾಡಿ ಬೇಕು ಅಂತ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಬೇರೆ. ಪ್ರತಿ ಸಲ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಸಾಕಾಗಿ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ಟ್ರಕ್ ತಗೊಂಡೆ.

ಪಿಕಪ್‌ನ ಹಿಂದಿನ ತೆರೆದ ಭಾಗಕ್ಕೆ ಇಲ್ಲಿ ಬೆಡ್ ಅಂತಾರೆ. ನಮ್ಮ ಕಡೆ ಗಾಡಿಯವರು ಬಾಡಿ ಅನ್ನೋದೂ ಅದನ್ನೇ. ಕಲ್ಲು ಜಲ್ಲಿ ಬಿದ್ದು ಬಣ್ಣ ಕಿತ್ತು ಹೋಗಬಾರದು, ತುಕ್ಕು ಹಿಡೀಬಾರದು ಅಂತ ಅದಕ್ಕೊಂದು ಒಳಪದರ ಹಾಕಿಸ್ತಾರೆ. ಅದೇ ಬೆಡ್ ಲೈನರ್. ನನ್ನ ಗಾಡಿಯಲ್ಲಿ ಹಿಂದಿನ ಮಾಲೀಕರು ಹಾಕಿಸಿದ್ದ ಗಟ್ಟಿ ಪ್ಲಾಸ್ಟಿಕ್ ಲೈನರ್ ಇತ್ತು. ಕಪ್ಪಗೆ, ನೀಟಾಗಿ, ಒಂದು ಗೀರೂ ಇಲ್ಲದೆ. ಅದನ್ನು ನೋಡಿಯೇ "ಚೆನ್ನಾಗಿ ಇಟ್ಕೊಂಡಿದಾರೆ" ಅಂದುಕೊಂಡು ದುಡ್ಡು ಕೊಟ್ಟಿದ್ದೆ.

ಮೇ ತಿಂಗಳಲ್ಲಿ ಅಪ್ಪ ಬಂದರು. ಅಪ್ಪ ತಿಪಟೂರಿನವರು. ಇಪ್ಪತ್ತೆರಡು ವರ್ಷ ಸ್ವಂತ 407 ಓಡಿಸಿ ಸಂತೆಗೂ ಎಪಿಎಂಸಿಗೂ ತೆಂಗಿನಕಾಯಿ, ಕೊಬ್ಬರಿ, ಗೊಬ್ಬರ ಹೊಡೆದವರು. ನನ್ನ ಇಂಜಿನಿಯರಿಂಗ್ ಫೀಸ್ ಬಂದಿದ್ದು ಆ ಗಾಡಿಯಿಂದಲೇ. ಇಲ್ಲಿ ಬಂದ ಮೊದಲ ವಾರ ಅವರಿಗೆ ಮಾಡೋಕೆ ಏನೂ ಇರಲಿಲ್ಲ. ಎರಡನೇ ವಾರ ಡ್ರೈವ್‌ವೇನಲ್ಲಿ ನಿಂತಿದ್ದ ಟ್ರಕ್ಕಿನ ಸುತ್ತ ಎರಡು ಸುತ್ತು ಹಾಕಿ, "ಈ ಪ್ಲಾಸ್ಟಿಕ್ ಎತ್ತಿ ನೋಡಿದ್ಯಾ?" ಅಂದರು.

ನಾನು ನೋಡಿರಲಿಲ್ಲ.

ಇಬ್ಬರೂ ಸೇರಿ ಎತ್ತಿದೆವು. ಅಡಿಯಲ್ಲಿ ಒದ್ದೆ ಮರಳು, ಕೊಳೆತ ಎಲೆ, ಬಿಳಿ ಬಿಳಿಯಾಗಿ ಒಣಗಿದ ಉಪ್ಪು, ಅಂಗೈ ಅಗಲದ ತುಕ್ಕಿನ ಕಲೆಗಳು. ಆಮೇಲೆ ಆ ತೂತು.

ಉಪ್ಪಿನ ಊರು

ಬೆಂಗಳೂರಿನಲ್ಲಿ ಕೂತು ಓದುವವರಿಗೆ ಗಾಡಿಗೆ ಉಪ್ಪು ಎಲ್ಲಿಂದ ಬಂತು ಅನ್ನಿಸಬಹುದು. ಇಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ರಸ್ತೆ ಮೇಲೆ ಹಿಮ ಹೆಪ್ಪುಗಟ್ಟದಿರಲಿ ಅಂತ ಲಾರಿಗಟ್ಟಲೆ ಕಲ್ಲುಪ್ಪು ಚೆಲ್ಲುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಗೂ ಹೆಪ್ಪುಗಟ್ಟದೆ ಉಳಿಯುತ್ತೆ. ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಒಂದು ಉಪ್ಪಿನ ಗಣಿಯೇ ಇದೆ. ಅಲ್ಲಿಂದ ಎತ್ತಿದ ಉಪ್ಪು ರಸ್ತೆಗೆ ಬೀಳುತ್ತೆ, ರಸ್ತೆಯಿಂದ ಚಕ್ರಕ್ಕೆ, ಚಕ್ರದಿಂದ ಗಾಡಿಯ ಹೊಟ್ಟೆಗೆ.

ಕಬ್ಬಿಣಕ್ಕೆ ತುಕ್ಕು ಹಿಡಿಯೋಕೆ ನೀರು ಮತ್ತು ಗಾಳಿ ಸಾಕು. ಉಪ್ಪು ಸೇರಿದರೆ ಕೆಲಸ ಜೋರಾಗುತ್ತೆ. ಪ್ಲಾಸ್ಟಿಕ್ ಲೈನರ್ ಇದಕ್ಕೆ ಸಹಾಯ ಮಾಡುತ್ತೆ ಅನ್ನೋದೇ ವಿಪರ್ಯಾಸ. ಅದು ಬೆಡ್‌ಗೆ ಅಂಟಿಕೊಂಡಿರಲ್ಲ, ಒಳಗೆ ಕೂತಿರುತ್ತೆ ಅಷ್ಟೇ. ಗಾಡಿ ಓಡುವಾಗ ಅಲುಗಾಡಿ ಅಡಿಯ ಬಣ್ಣವನ್ನು ಉಜ್ಜುತ್ತೆ. ಸಂದಿಯಿಂದ ನೀರು ಒಳಗೆ ಹೋಗುತ್ತೆ, ಆದರೆ ಬೇಗ ಆರಲ್ಲ. ಮೇಲಿನಿಂದ ನೋಡುವವನಿಗೆ ಇದ್ಯಾವುದೂ ಕಾಣಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಎಲ್ಲ ಪಿಕಪ್‌ಗಳಿಗೂ ಈ ತಲೆನೋವು ಒಂದೇ ಥರ ಇಲ್ಲ. ಫೋರ್ಡ್ ಎಫ್-150 ಟ್ರಕ್ಕಿನ ಬಾಡಿ ಮತ್ತು ಬೆಡ್ 2015ರ ಮಾಡೆಲ್‌ನಿಂದ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದಕ್ಕೆ ಕೆಂಪು ತುಕ್ಕು ಹಿಡಿಯಲ್ಲ. ಆದರೆ ಭಾರದ ವಸ್ತು ಚೂಪಾಗಿ ಬಿದ್ದರೆ ತಗ್ಗಾಗಬಹುದು, ಹರಿಯಲೂಬಹುದು. 2016ರಲ್ಲಿ ಶೆವ್ರೊಲೆ ಕಂಪನಿ ಎರಡೂ ಗಾಡಿಗಳ ಬೆಡ್‌ಗೆ ಕಲ್ಲಿನ ಇಟ್ಟಿಗೆ ಸುರಿದು ಜಾಹೀರಾತನ್ನೇ ಮಾಡಿತ್ತು. ಟೊಯೊಟಾ ಟಕೋಮಾ 2005ರಿಂದ ಪ್ಲಾಸ್ಟಿಕ್‌ನಂಥ ಕಾಂಪೋಸಿಟ್ ಬೆಡ್ ಕೊಡುತ್ತಿದೆ. ಹಾಗಾಗಿ ಲೈನರ್ ಹುಡುಕುವ ಮೊದಲು ನಿಮ್ಮ ಬೆಡ್ ಯಾವ ವಸ್ತುವಿನದು ಅಂತ ನೋಡಿ. ನನ್ನದು ಅಪ್ಪಟ ಉಕ್ಕು.

ಹಾಳೆಯಲ್ಲಿ ಹಾಕಿದ ಲೆಕ್ಕ

ನಾನು ಇಂಜಿನಿಯರ್ ತಾನೇ, ಅವತ್ತು ರಾತ್ರಿಯೇ ಸ್ಪ್ರೆಡ್‌ಶೀಟ್ ತೆರೆದೆ. ಆಯ್ಕೆಗಳು ನಾಲ್ಕು.

ಒಂದು, ರಬ್ಬರ್ ಮ್ಯಾಟ್. ನೂರು ಡಾಲರ್ ಆಸುಪಾಸಿಗೆ ಸಿಗುತ್ತೆ. ಸಾಮಾನು ಜಾರಲ್ಲ, ಬೇಕಾದಾಗ ಎತ್ತಿ ತೊಳೀಬಹುದು. ಆದರೆ ಪಕ್ಕದ ಗೋಡೆಗಳಿಗೆ ರಕ್ಷಣೆ ಇಲ್ಲ. ಎತ್ತಿ ತೊಳೆಯದಿದ್ದರೆ ಅಡಿಯಲ್ಲಿ ಅದೇ ಕಥೆ.

ಎರಡು, ಹೊಸ ಪ್ಲಾಸ್ಟಿಕ್ ಲೈನರ್. ಅದರ ಬಗ್ಗೆ ನನಗೆ ಆಸೆ ಉಳಿದಿರಲಿಲ್ಲ.

ಮೂರು, ಡಬ್ಬಿ ತಂದು ನಾವೇ ಬಳಿಯೋದು. ಹರ್ಕ್ಯುಲೈನರ್ ಥರದ್ದನ್ನು ರೋಲರ್‌ನಲ್ಲಿ ಬಳೀಬಹುದು. ರ‍್ಯಾಪ್ಟರ್ ಥರದ್ದರಲ್ಲಿ ಗಟ್ಟಿಯಾಗಿಸುವ ದ್ರವ ಬೆರೆಸಿ ಏರ್ ಕಂಪ್ರೆಸರ್ ಗನ್‌ನಿಂದ ಹೊಡೀಬಹುದು. ನೂರರಿಂದ ಇನ್ನೂರು ಡಾಲರ್‌ಗೆ ಮುಗಿಯುತ್ತೆ. ಪದರ ಮಾತ್ರ ತೆಳು.

ನಾಲ್ಕು, ಅಂಗಡಿಯಲ್ಲಿ ಹೊಡೆಸುವ ಸ್ಪ್ರೇ ಲೈನರ್. ಲೈನ್-ಎಕ್ಸ್, ರೈನೋ ಲೈನಿಂಗ್ಸ್ ಇಲ್ಲಿ ಮನೆಮಾತಾದ ಹೆಸರುಗಳು. ಜೊತೆಗೆ ಊರೂರಿನ ಸ್ವತಂತ್ರ ಅಂಗಡಿಗಳೂ ಇವೆ. ನನಗೆ ಸಿಕ್ಕ ಕೊಟೇಶನ್‌ಗಳು 450 ಡಾಲರ್‌ನಿಂದ 650ರವರೆಗೆ ಇದ್ದವು. ತಳದಲ್ಲಿ ಸುಮಾರು ಮೂರು ಮಿಲಿಮೀಟರ್ ದಪ್ಪ, ಗೋಡೆಗಳಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದಪ್ಪ ಕೊಡ್ತೀವಿ ಅಂದರು.

ಸ್ಪ್ರೇ ಲೈನರ್ ಏನು ಅಂತ ಸುಲಭವಾಗಿ ಹೇಳ್ತೀನಿ. ಎರಡು ದ್ರವಗಳು ಬೇರೆ ಬೇರೆ ಡ್ರಮ್‌ನಲ್ಲಿರುತ್ತವೆ. ಒಂದು ಐಸೊಸಯನೇಟ್, ಇನ್ನೊಂದು ರೆಸಿನ್. ಎರಡೂ ಗನ್ನಿನ ತುದಿಯಲ್ಲಿ ಸೇರಿ ಹೊರಗೆ ಚಿಮ್ಮುತ್ತವೆ, ಬಿದ್ದಲ್ಲೇ ಗಟ್ಟಿಯಾಗುತ್ತವೆ. ರೆಸಿನ್ ಯಾವ ಜಾತಿಯದು ಅನ್ನೋದರ ಮೇಲೆ ಅದು ಪಾಲಿಯುರೆಥೇನ್ ಅಥವಾ ಪಾಲಿಯೂರಿಯಾ ಆಗುತ್ತೆ. ಎರಡೂ ಬೆರೆತ ಹೈಬ್ರಿಡ್ ಕೂಡ ಇದೆ. ಪಾಲಿಯೂರಿಯಾ ಕೆಲವೇ ಸೆಕೆಂಡುಗಳಲ್ಲಿ ಹೆಪ್ಪಾಗುತ್ತೆ, ಗಾಳಿಯ ತೇವಕ್ಕೆ ಅಷ್ಟಾಗಿ ಹೆದರಲ್ಲ. ಪಾಲಿಯುರೆಥೇನ್ ನಿಧಾನ, ತೇವ ಸೇರಿದರೆ ಗುಳ್ಳೆ ಬರಬಹುದು. ನಮ್ಮ ಬೆಂಗಳೂರಿನಲ್ಲಿ ಟೆರೇಸ್ ಸೋರದಿರಲಿ ಅಂತ ಹೊಡೆಯುವ ಪಾಲಿಯೂರಿಯಾ ಕೋಟಿಂಗ್ ಕೂಡ ಇದೇ ವಂಶದ್ದು.

ಹೊಡೆಯುವ ರೀತಿಯಲ್ಲೂ ಎರಡು ಬಗೆ. ದ್ರವವನ್ನು ಅರವತ್ತು ಎಪ್ಪತ್ತು ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಸಾವಿರಾರು ಪಿಎಸ್‌ಐ ಒತ್ತಡದಲ್ಲಿ ಹೊಡೆಯೋದು ಒಂದು. ಕಡಿಮೆ ಒತ್ತಡದಲ್ಲಿ ಹೊಡೆಯೋದು ಇನ್ನೊಂದು. ಸಾಮಾನ್ಯವಾಗಿ ಮೊದಲನೆಯದರ ಮೇಲ್ಮೈ ಗಟ್ಟಿ, ಕೊಯ್ತ ಗೀರು ತಡೆಯುತ್ತೆ, ಆದರೆ ಪೆಟ್ಟಿಗೆಗಳು ಸ್ವಲ್ಪ ಜಾರುತ್ತವೆ. ಎರಡನೆಯದು ರಬ್ಬರಿನ ಹಾಗೆ ಮೆದು, ಸಾಮಾನನ್ನು ಹಿಡಿದುಕೊಳ್ಳುತ್ತೆ, ಆದರೆ ಚೂಪಾದ ಜಲ್ಲಿಗೆ ಬೇಗ ಗಾಯವಾಗುತ್ತೆ. ಯಾವುದು ಒಳ್ಳೇದು ಅಂತ ಕೇಳಿದರೆ ಉತ್ತರ ಇಲ್ಲ. ನೀವು ಏನು ಹೊರ್ತೀರಿ ಅಂತ ಕೇಳಿಕೊಂಡರೆ ಇದೆ. ನಾನು ಹೊರೋದು ಜಲ್ಲಿ, ಸೌದೆ, ಸಲಿಕೆ. ಗಟ್ಟಿಯದೇ ಬೇಕಿತ್ತು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ನನ್ನ ಮನಸ್ಸು ಮೂರನೇ ಆಯ್ಕೆಯ ಕಡೆಗೇ ವಾಲಿತು. ನಾನೂರು ಡಾಲರ್ ಉಳಿಯುತ್ತೆ, ಅಪ್ಪನಿಗೂ ಒಂದು ಕೆಲಸ ಸಿಗುತ್ತೆ, ಇಬ್ಬರೂ ಸೇರಿ ಒಂದು ಶನಿವಾರ ಗ್ಯಾರೇಜ್‌ನಲ್ಲಿ ಮುಗಿಸಿಬಿಡೋಣ ಅಂತ ಸ್ಪ್ರೇ ಕಿಟ್ ಆರ್ಡರ್ ಮಾಡಿದೆ.

"ಭೋಪಾಲ್‌ದು ಇದೇ ಅಲ್ವೇನೋ?"

ಕಿಟ್ ಬಂತು. ಅಪ್ಪ ಕನ್ನಡಕ ಹಾಕಿಕೊಂಡು ಡಬ್ಬಿಯ ಮೇಲಿದ್ದ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಾ ಕೂತಿದ್ದರು. ಒಂದು ಕಡೆ ಬೆರಳಿಟ್ಟು ತಲೆ ಎತ್ತಿದರು.

"ಐಸೊ... ಸಯನೇಟ್. ಭೋಪಾಲ್‌ದು ಇದೇ ಅಲ್ವೇನೋ?"

1984ರ ಡಿಸೆಂಬರ್ 2ರ ರಾತ್ರಿ ಭೋಪಾಲ್‌ನಲ್ಲಿ ಸೋರಿದ್ದು ಮಿಥೈಲ್ ಐಸೊಸಯನೇಟ್. ಆಗ ಅಪ್ಪನಿಗೆ ಇಪ್ಪತ್ತರ ಆಸುಪಾಸು. ಪೇಪರಿನಲ್ಲಿ ಓದಿದ ಆ ಹೆಸರು ನಲವತ್ತು ವರ್ಷ ತಲೆಯಲ್ಲಿ ಉಳಿದಿತ್ತು. "ಅದು ಬೇರೆ ಅಪ್ಪ, ಇದು ಬೇರೆ" ಅಂದೆ. ಹೇಳಿದ್ದು ಸುಳ್ಳಲ್ಲ. ಲೈನರ್‌ಗಳಲ್ಲಿ ಬಳಸುವ ಐಸೊಸಯನೇಟ್‌ಗಳು ಮಿಥೈಲ್ ಐಸೊಸಯನೇಟ್‌ನಷ್ಟು ಸುಲಭವಾಗಿ ಆವಿಯಾಗಲ್ಲ. ಗಟ್ಟಿಯಾದ ಮೇಲೆ ಲೈನರ್ ಕೈಯಲ್ಲಿ ಮುಟ್ಟಿದರೂ ಏನಾಗಲ್ಲ. ಆದರೆ ಹೇಳಿದ ಮೇಲೆ ನನಗೇ ಸಮಾಧಾನ ಆಗಲಿಲ್ಲ, ಓದೋಕೆ ಕೂತೆ.

ಓದಿದ್ದು ನಿದ್ದೆ ಕೆಡಿಸಿತು. ಗನ್ನಿನಿಂದ ಹೊಡೆಯುವಾಗ ಐಸೊಸಯನೇಟ್ ಸಣ್ಣ ಹನಿಯಾಗಿ ಗಾಳಿಯಲ್ಲಿ ತೇಲುತ್ತೆ. ಅದನ್ನು ಉಸಿರಾಡಿದರೆ ಕೆಲವರ ದೇಹ ಅದಕ್ಕೆ ಸೂಕ್ಷ್ಮವಾಗಿಬಿಡುತ್ತೆ. ಒಮ್ಮೆ ಹಾಗಾದರೆ ಆಮೇಲೆ ಅತಿ ಸ್ವಲ್ಪ ತಾಗಿದರೂ ಆಸ್ತಮಾ ಕೆರಳುತ್ತೆ. ಕೆಲಸದ ಜಾಗದಲ್ಲಿ ಬರುವ ಆಸ್ತಮಾಕ್ಕೆ ಮುಖ್ಯ ಕಾರಣಗಳಲ್ಲಿ ಐಸೊಸಯನೇಟ್ ಒಂದು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ನಿಯೋಶ್ 2006ರಲ್ಲಿ ಟ್ರಕ್ ಬೆಡ್ ಲೈನರ್ ಸ್ಪ್ರೇ ಕೆಲಸದ ಬಗ್ಗೆಯೇ ಒಂದು ಪ್ರತ್ಯೇಕ ಎಚ್ಚರಿಕೆ ಹೊರಡಿಸಿದೆ. ಅದರ ಶೀರ್ಷಿಕೆಯಲ್ಲೇ ಆಸ್ತಮಾ ಮತ್ತು ಸಾವು ಅನ್ನುವ ಎರಡೂ ಪದ ಇವೆ. ಈ ಕೆಲಸ ಮಾಡುವ ಅಂಗಡಿಗಳಲ್ಲಿ ಗಾಳಿ ಹೊರಹಾಕುವ ವ್ಯವಸ್ಥೆ ಇರುವ ಬೂತ್ ಇರಬೇಕು. ಹೊಡೆಯುವವನು ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಖವಾಡ ಹಾಕಬೇಕು. ನಾನು ತರಿಸಿದ್ದ ಇಪ್ಪತ್ತು ಡಾಲರ್‌ನ ಧೂಳಿನ ಮಾಸ್ಕ್ ಇಂಥ ಕೆಲಸಕ್ಕಲ್ಲ.

ನಮ್ಮ ಗ್ಯಾರೇಜ್ ಮನೆಗೆ ಅಂಟಿಕೊಂಡೇ ಇದೆ. ಅದರ ಮೇಲಿನ ರೂಮಿನಲ್ಲಿ ಮಲಗೋದು ನಮ್ಮ ಮೂರು ವರ್ಷದ ಮಗಳು. ಶೀತ ಆದರೆ ಸಾಕು ಅವಳಿಗೆ ಉಬ್ಬಸ ಬರುತ್ತೆ. ಹಾಸಿಗೆ ಪಕ್ಕದಲ್ಲಿ ಇನ್ಹೇಲರ್ ಇಟ್ಟಿರ್ತೀವಿ. ನಾನೂರು ಡಾಲರ್ ಉಳಿಸುವ ಲೆಕ್ಕದಲ್ಲಿ ಆ ಒಂದು ಕಾಲಂ ನನ್ನ ಸ್ಪ್ರೆಡ್‌ಶೀಟಿನಲ್ಲಿ ಇರಲೇ ಇಲ್ಲ.

ಕಿಟ್ ವಾಪಸ್ ಕಳಿಸಿದೆ. ಅಪ್ಪ ಏನೂ ಹೇಳಲಿಲ್ಲ. ಡಬ್ಬಿ ಪ್ಯಾಕ್ ಮಾಡೋಕೆ ಟೇಪ್ ತಂದುಕೊಟ್ಟರು.

ಇಬ್ಬರು ಅಂಗಡಿಯವರು

ಮುಂದಿನ ಶನಿವಾರ ಅಪ್ಪನನ್ನೂ ಕರೆದುಕೊಂಡು ಅಂಗಡಿ ಸುತ್ತಿದೆ.

ಮೊದಲನೆಯ ಅಂಗಡಿಯವರು ಬೆಡ್ ನೋಡಿ ಒಂದು ನಿಮಿಷದಲ್ಲಿ ಹೇಳಿದರು. "ಏನೂ ತೊಂದರೆ ಇಲ್ಲ, ನಮ್ಮ ಕೋಟಿಂಗ್ ದಪ್ಪ ಇರುತ್ತೆ, ತುಕ್ಕು, ತೂತು ಎಲ್ಲ ಮುಚ್ಚಿಹೋಗುತ್ತೆ. ನಾಳೆ ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನಕ್ಕೆ ರೆಡಿ. 450 ಡಾಲರ್, ಲೈಫ್‌ಟೈಮ್ ವಾರಂಟಿ." ನನಗೆ ಖುಷಿಯಾಯಿತು. ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಕೆರೆಯೋದು ಯಾರು?"

ಎರಡನೆಯ ಅಂಗಡಿಯಾಕೆ ಟಾರ್ಚ್ ಹಿಡಿದು ಮೊದಲು ಬೆಡ್‌ನ ಅಡಿಗೆ ಮಲಗಿದರು. ಎದ್ದು ಬಂದು, ಈ ಸ್ಥಿತಿಯಲ್ಲಿ ನಾನು ಹೊಡೆಯಲ್ಲ ಅಂದರು. "ಮೊದಲು ತೂತಾದ ಜಾಗ ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿಸಿ. ಉಳಿದ ತುಕ್ಕನ್ನು ಲೋಹ ಕಾಣುವವರೆಗೆ ತೆಗೆಸಿ, ಎಪಾಕ್ಸಿ ಪ್ರೈಮರ್ ಹಾಕಿಸಿ. ಆಮೇಲೆ ಬನ್ನಿ. ನನ್ನದು 600 ಡಾಲರ್." ವೆಲ್ಡಿಂಗ್‌ಗೆ ಅವರು ಹೇಳಿದ ಗ್ಯಾರೇಜಿನವರು 350 ಕೇಳಿದರು. ಒಟ್ಟು 950.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಟ್ರಕ್ಕನ್ನೇ ಮಾರಿಬಿಡೋಣ್ವಾ?" ಅಂದಳು. ತಮಾಷೆಗಲ್ಲ.

ಅವತ್ತು ರಾತ್ರಿ ಊಟ ಆದಮೇಲೆ ಅಪ್ಪ 407ರ ಒಂದು ಕಥೆ ಹೇಳಿದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮಳೆಗಾಲ ಯೂರಿಯಾ ಚೀಲ ಒಡೆದು ಬಾಡಿಯ ಶೀಟಿಗೆ ತುಕ್ಕು ಹಿಡಿದಿತ್ತಂತೆ. ಶೀಟ್ ಬದಲಾಯಿಸೋಕೆ ದುಡ್ಡಿರಲಿಲ್ಲ. ಶೆಡ್ಡಿನವನೊಬ್ಬ ಮೇಲಿಂದ ಮೇಲೆ ರೆಡ್ ಆಕ್ಸೈಡ್ ಬಳಿದು, ಅದರ ಮೇಲೆ ಬಣ್ಣ ಹೊಡೆದು ಹೊಸದರ ಹಾಗೆ ಮಾಡಿಕೊಟ್ಟ. ಎಂಟು ತಿಂಗಳಿಗೆ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಮುಂದಿನ ಮಳೆಗಾಲಕ್ಕೆ ಲೋಡ್ ಹೊತ್ತಿದ್ದಾಗಲೇ ಶೀಟ್ ಕುಸಿಯಿತು. ಆವಾಗ ಬೇರೆ ಶೆಡ್ಡಿನ ಹಳೇ ಪೇಂಟರ್ ಒಬ್ಬರು ಎರಡು ದಿನ ಬರೀ ಉಪ್ಪು ಕಾಗದ, ವೈರ್ ಬ್ರಷ್ ಹಿಡಿದು ಕೂತಿದ್ದರಂತೆ. ಬಣ್ಣ ಹೊಡೆದದ್ದು ಅರ್ಧ ದಿನ.

"ಬಳಿಯೋನು ಎಲ್ಲಿ ಬೇಕಾದ್ರೂ ಸಿಗ್ತಾನೆ ಮಗ. ಕೆರೆಯೋನು ಬೇಕು" ಅಂದರು.

ಇದು ಬರೀ ಅನುಭವದ ಮಾತಲ್ಲ, ಹಿಂದೆ ವಿಜ್ಞಾನವೂ ಇದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತೆ, ಮೇಲಿನ ಪದರವನ್ನು ಒಳಗಿನಿಂದ ಎತ್ತುತ್ತೆ. ತುಕ್ಕಿಗೆ ಅಂಟಿದ ಲೈನರ್ ಲೋಹಕ್ಕೆ ಅಂಟಿದ ಹಾಗಲ್ಲ. ತುಕ್ಕು ಉದುರಿದರೆ ಅದೂ ಜೊತೆಗೇ ಬರುತ್ತೆ. ಇನ್ನೊಂದು ವಿಷಯ ನನಗೆ ಹೊಳೆದಿರಲೇ ಇಲ್ಲ. ಲೈನರ್ ಕಾಯೋದು ಬೆಡ್‌ನ ಮೇಲ್ಭಾಗವನ್ನು ಮಾತ್ರ. ರಸ್ತೆಯ ಉಪ್ಪು ಹೊಡೆಯೋದು ಕೆಳಗಿನಿಂದ. ತೂತನ್ನು ಮೇಲಿನಿಂದ ಮುಚ್ಚಿಬಿಟ್ಟರೆ ಕೆಳಗಿನ ತುಕ್ಕು ತನ್ನ ಪಾಡಿಗೆ ತಿನ್ನುತ್ತಾ ಇರುತ್ತೆ, ನಮಗೆ ಕಾಣಲ್ಲ. ಪ್ಲಾಸ್ಟಿಕ್ ಲೈನರ್ ಮಾಡಿದ ಮೋಸವನ್ನು ದುಡ್ಡು ಕೊಟ್ಟು ಇನ್ನೊಮ್ಮೆ ಮಾಡಿಸಿಕೊಂಡ ಹಾಗೆ. ಜೊತೆಗೆ ಸ್ಪ್ರೇ ಲೈನರ್ ಕೀಳೋದು ನರಕದ ಕೆಲಸ. ಮ್ಯಾಟ್ ಬೇಡ ಅಂದರೆ ಎತ್ತಿ ಹಾಕಬಹುದು, ಇದನ್ನು ಹಾಗೆ ಮಾಡೋಕಾಗಲ್ಲ.

ವಾರಂಟಿ ಹಾಳೆಗಳನ್ನೂ ಓದಿದೆ. ನಾನು ಓದಿದವುಗಳಲ್ಲಿ ಲೈಫ್‌ಟೈಮ್ ಅಂದರೆ ಮೊದಲ ಮಾಲೀಕನ ಕೈಯಲ್ಲಿ ಗಾಡಿ ಇರುವಷ್ಟು ದಿನ. ಬಿರುಕು, ಗುಳ್ಳೆ, ಕಿತ್ತು ಬರೋದು ಸೇರಿದ್ದವು. ಮೊದಲೇ ಇದ್ದ ತುಕ್ಕಿನಿಂದ ಆದದ್ದು ಸೇರಿರಲಿಲ್ಲ. ಅಂದರೆ ಮೊದಲ ಅಂಗಡಿಯ ವಾರಂಟಿ ನನ್ನ ಗಾಡಿಗೆ ಬೇಕಾದ ಒಂದೇ ಒಂದು ವಿಷಯಕ್ಕೆ ಅನ್ವಯಿಸುತ್ತಿರಲಿಲ್ಲ.

ಎರಡನೆಯ ಅಂಗಡಿಗೇ ಕೊಟ್ಟೆ.

ಮೂರು ಗಂಟೆ ಮತ್ತು ಕಾಲು ಗಂಟೆ

ವೆಲ್ಡಿಂಗ್ ಮುಗಿದು, ಪ್ರೈಮರ್ ಒಣಗಿ, ಜೂನ್‌ನಲ್ಲಿ ಒಂದು ಬೆಳಿಗ್ಗೆ ಗಾಡಿ ಬಿಟ್ಟೆವು. ಅಪ್ಪ ನೋಡಬೇಕು ಅಂದರು. ಸ್ಪ್ರೇ ಬೂತಿನ ಒಳಗೆ ಬಿಡಲ್ಲ, ಗಾಜಿನ ಕಿಟಕಿಯ ಆಚೆ ನಿಂತು ನೋಡಿ ಅಂದರು. ಕುರ್ಚಿ ಹಾಕಿಕೊಟ್ಟರು.

ಮೊದಲು ಕೊಕ್ಕೆ, ಬೋಲ್ಟ್ ಎಲ್ಲ ಬಿಚ್ಚಿದರು. ಎಣ್ಣೆ ಜಿಡ್ಡು ಹೋಗುವ ಹಾಗೆ ತೊಳೆದರು. ಇಡೀ ಗಾಡಿಗೆ ಪ್ಲಾಸ್ಟಿಕ್ ಹೊದಿಸಿ, ಅಂಚಿನ ಉದ್ದಕ್ಕೂ ಒಂದು ವಿಶೇಷ ಟೇಪ್ ಅಂಟಿಸಿದರು. ಅದರೊಳಗೆ ಸಣ್ಣ ತಂತಿ ಇರುತ್ತೆ. ಹೊಡೆದು ಮುಗಿಸಿ, ಲೈನರ್ ಪೂರ್ತಿ ಗಟ್ಟಿಯಾಗುವ ಮೊದಲು ಆ ತಂತಿ ಎಳೆದರೆ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ನೇರ ಬರುತ್ತೆ. ಆಮೇಲೆ ಶುರುವಾಯಿತು ಉಜ್ಜುವ ಕೆಲಸ. ಕಂಪನಿಯ ಬಣ್ಣವನ್ನು ಪೂರ್ತಿ ಕಿತ್ತುಹಾಕಲ್ಲ, ಅದೇ ತುಕ್ಕಿಗೆ ಮೊದಲ ಕಾವಲು. ಆದರೆ ಅದರ ಹೊಳಪು ಪೂರ್ತಿ ಹೋಗಬೇಕು. ನುಣುಪಾದ ಬಣ್ಣಕ್ಕೆ ಲೈನರ್ ಸರಿಯಾಗಿ ಅಂಟಲ್ಲ. ಮೂಲೆ, ಮಡಿಕೆ, ಬೋಲ್ಟಿನ ತೂತಿನ ಸುತ್ತ ಮೆಷಿನ್ ಹೋಗದ ಕಡೆ ಕೈಯಲ್ಲೇ ಉಜ್ಜಿದರು. ಗಾಳಿ ಹೊಡೆದು ಧೂಳು ತೆಗೆದರು, ದ್ರಾವಣದಲ್ಲಿ ಒರೆಸಿದರು, ಇನ್ನೊಮ್ಮೆ ಒರೆಸಿದರು.

ಅಷ್ಟಕ್ಕೇ ಮೂರು ಗಂಟೆ ಹಿಡಿಯಿತು. ಗನ್ ಹಿಡಿದು ಹೊಡೆದದ್ದು ಕಾಲು ಗಂಟೆ. ಕೊನೆಗೆ ಸ್ವಲ್ಪ ದೂರದಿಂದ ಹಗುರವಾಗಿ ಹೊಡೆದಾಗ ಹನಿಗಳು ಗಾಳಿಯಲ್ಲೇ ಅರ್ಧ ಗಟ್ಟಿಯಾಗಿ ಬಿದ್ದು ಮೇಲ್ಮೈ ತರಿತರಿಯಾಯಿತು. ಕಾಲು, ಸಾಮಾನು ಜಾರದಿರಲಿ ಅಂತ ಹಾಗೆ ಮಾಡೋದು.

ಅಪ್ಪ ಮೂರು ಗಂಟೆಯೂ ಕುರ್ಚಿಯಿಂದ ಏಳಲಿಲ್ಲ. ಹೊರಡುವಾಗ ಉಜ್ಜುತ್ತಿದ್ದ ಹುಡುಗನ ಹತ್ತಿರ ಹೋಗಿ ಭುಜ ತಟ್ಟಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿಲ್ಲ. ಆ ಹುಡುಗ ನಕ್ಕು ತನ್ನ ಅಂಗೈ ತೋರಿಸಿದ. ಅಪ್ಪ ತಮ್ಮದನ್ನು ತೋರಿಸಿದರು.

ಕೊಡುವ ಮೊದಲು ಕೇಳಿ

ನೀವು ಎಲ್ಲೇ ಇರಿ, ಯಾವ ಕಂಪನಿಯದೇ ಹೊಡೆಸಿ, ನಾನು ಕಲಿತದ್ದನ್ನು ಪಟ್ಟಿ ಮಾಡಿ ಕೊಡ್ತೀನಿ.

ಹಳೆಯ ಲೈನರ್ ಅಥವಾ ಮ್ಯಾಟ್ ಇದ್ದರೆ ಗಾಡಿ ಕೊಳ್ಳುವ ಮೊದಲೇ ಎತ್ತಿ ನೋಡಿ. ಎತ್ತೋಕೆ ಬಿಡದಿದ್ದರೆ ಅಡಿಗೆ ಮಲಗಿ ನೋಡಿ.

ಉಜ್ಜೋಕೆ ಎಷ್ಟು ಹೊತ್ತು, ಹೊಡೆಯೋಕೆ ಎಷ್ಟು ಹೊತ್ತು ಅಂತ ಬೇರೆ ಬೇರೆಯಾಗಿ ಕೇಳಿ. ಬರೀ ಹೊಡೆಯೋದರ ಬಗ್ಗೆ ಮಾತಾಡುವವರ ಹತ್ತಿರ ಹುಷಾರಾಗಿರಿ.

ತಳದಲ್ಲಿ ಎಷ್ಟು ದಪ್ಪ, ಗೋಡೆಯಲ್ಲಿ ಎಷ್ಟು ದಪ್ಪ ಅಂತ ಬರೆಸಿಕೊಳ್ಳಿ. "ದಪ್ಪ ಇರುತ್ತೆ" ಅನ್ನೋದು ಅಳತೆಯಲ್ಲ.

ಬಿಸಿಲಿನ ಬಗ್ಗೆ ಕೇಳಿ. ಸಾಮಾನ್ಯ ಅರೊಮ್ಯಾಟಿಕ್ ಲೈನರ್ ಬಿಸಿಲಿಗೆ ಕ್ರಮೇಣ ಬೂದಿ ಬಣ್ಣಕ್ಕೆ ತಿರುಗುತ್ತೆ. ಗಟ್ಟಿತನಕ್ಕೆ ಅದರಿಂದ ದೊಡ್ಡ ತೊಂದರೆ ಇಲ್ಲ, ನೋಟಕ್ಕೆ ಅಷ್ಟೇ. ಬಣ್ಣ ಉಳೀಬೇಕು ಅಂದರೆ ಅಲಿಫ್ಯಾಟಿಕ್ ಮೇಲ್ಪದರ ಇದೆ, ಅದಕ್ಕೆ ಹೆಚ್ಚು ದುಡ್ಡು. ನಾನು ಹಾಕಿಸಲಿಲ್ಲ.

ಅಂಚಿನ ಮೇಲಕ್ಕೂ ಹೊಡೆಯಬೇಕಾ, ಅಂಚಿನ ಕೆಳಗೇ ನಿಲ್ಲಿಸಬೇಕಾ ಅಂತ ಮೊದಲೇ ನಿರ್ಧರಿಸಿ. ಮುಂದೆ ಮುಚ್ಚಳ ಹಾಕಿಸುವ ಯೋಚನೆ ಇದ್ದರೆ ಅದರ ಕ್ಲ್ಯಾಂಪ್ ಎಲ್ಲಿ ಕೂರುತ್ತೆ ನೋಡಿಕೊಳ್ಳಿ. ನೀರು ಹೋಗುವ ತೂತುಗಳು ಮುಚ್ಚಿಹೋಗದಂತೆ ಹೇಳಿ.

ಹೊಡೆದ ದಿನವೇ ಲೋಡ್ ಹಾಕಬೇಡಿ. ನನಗೆ ಹಗುರ ಸಾಮಾನಿಗೆ ಒಂದು ದಿನ, ಭಾರಕ್ಕೆ ಮೂರು ದಿನ ಕಾಯೋಕೆ ಹೇಳಿದ್ದರು.

ಕೊನೆಯದಾಗಿ, ನೀವೇ ಮಾಡಬೇಕು ಅನ್ನಿಸಿದರೆ ಗನ್ನಿನಲ್ಲಿ ಹೊಡೆಯುವ ಕಿಟ್ ಮನೆಗೆ ಅಂಟಿದ ಗ್ಯಾರೇಜ್‌ನಲ್ಲಂತೂ ಬೇಡವೇ ಬೇಡ. ರೋಲರ್‌ನಲ್ಲಿ ಬಳಿಯೋದಾದ್ರೂ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಮೊದಲು ಓದಿ. ನಮ್ಮ ಮನೆಯಲ್ಲಿ ಅದನ್ನು ಓದಿದ್ದು ಇಂಜಿನಿಯರ್ ಅಲ್ಲ.

ಎರಡು ಚಳಿಗಾಲ ಆದಮೇಲೆ

ಈಗ ಎರಡು ಚಳಿಗಾಲ ಕಳೆದಿವೆ. ಟನ್‌ಗಟ್ಟಲೆ ಜಲ್ಲಿ ಹೊತ್ತಿದ್ದೇನೆ, ಸೌದೆ ಎಸೆದಿದ್ದೇನೆ, ಎರಡು ಸಲ ಗಣಪನನ್ನೂ ಕೂರಿಸಿಕೊಂಡು ಬಂದಿದ್ದೇನೆ. ಮೇಲ್ಮೈ ಸ್ವಲ್ಪ ಬೂದಿಯಾಗಿದೆ. ಸಲಿಕೆಯ ಗೀರುಗಳಿವೆ, ಒಂದೂ ಲೋಹದವರೆಗೆ ಹೋಗಿಲ್ಲ.

ಎದ್ದು ಬಂದದ್ದು ಒಂದೇ ಕಡೆ, ಹಿಂದಿನ ಬಾಗಿಲ ಹತ್ತಿರ ಎರಡು ಬೆರಳಿನಷ್ಟು. ಅದು ಅಂಗಡಿಯವರ ತಪ್ಪಲ್ಲ. ಹಗ್ಗ ಕಟ್ಟೋಕೆ ಇನ್ನೊಂದು ಕೊಕ್ಕೆ ಬೇಕು ಅಂತ ನಾನೇ ಡ್ರಿಲ್ ಮಾಡಿದ್ದೆ, ತೂತಿನ ಅಂಚಿಗೆ ಸೀಲಂಟ್ ಹಾಕೋಕೆ ಸೋಮಾರಿತನ ಮಾಡಿದ್ದೆ. ಉಪ್ಪು ನೀರು ದಾರಿ ಕಂಡುಕೊಂಡಿತು. ಅದೇ ಅಂಗಡಿಗೆ ಹೋಗಿ ತೋರಿಸಿದೆ. ಅಷ್ಟು ಭಾಗ ಕತ್ತರಿಸಿ, ಕೆರೆದು, ಪ್ರೈಮರ್ ಹಾಕಿ, ಪುನಃ ಹೊಡೆದುಕೊಟ್ಟರು. ಎಪ್ಪತ್ತು ಡಾಲರ್ ದಂಡ.

ಪ್ರತಿ ಮಾರ್ಚ್‌ನಲ್ಲಿ ಹಿಮ ಕರಗಿದ ಮೇಲೆ ಗಾಡಿಯ ಅಡಿಭಾಗ ತೊಳೆದು, ಚೆನ್ನಾಗಿ ಆರಿಸಿ, ಎಣ್ಣೆಯಂಥ ತುಕ್ಕುನಿರೋಧಕ ಹೊಡೀತೀನಿ. ಅದಕ್ಕೂ ಮೊದಲು ತಿಪಟೂರಿಗೆ ವಿಡಿಯೋ ಕಾಲ್. ಲೈನರ್ ಮೇಲೆ ಬಡಿದರೆ ಈಗ ಎಲ್ಲ ಕಡೆಯೂ ದಬ್ ಅಂತಲೇ ಕೇಳುತ್ತೆ, ಏನೂ ಗೊತ್ತಾಗಲ್ಲ. ಹಾಗಾಗಿ ಕೆಳಗಿನಿಂದ ಬಡೀಬೇಕು. ಈ ಮಾರ್ಚ್‌ನಲ್ಲೂ ಡ್ರೈವ್‌ವೇ ಮೇಲೆ ರಟ್ಟು ಹಾಸಿ, ಗಾಡಿಯ ಅಡಿಗೆ ಮಲಗಿ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದು ವೆಲ್ಡ್ ಮಾಡಿದ ಜಾಗ ಬಡಿದೆ.

"ಇನ್ನೊಂದ್ಸಲ" ಅಂದರು ಅಪ್ಪ.

ಬಡಿದೆ. ಟಣ್ ಅಂತು.

"ಹ್ಞಾ, ಸರಿ. ಎದ್ದೇಳು, ನೆಲ ತಣ್ಣಗಿರುತ್ತೆ."